ಕವಳದ ಬಟ್ಟಲು

ಹೋದ ಕೊನೆಕೊಯ್ಲಿನ ಸಮಯದಲ್ಲಿ ಅಣ್ಣನ ಮಗ ಅಮೆರಿಕದಿಂದ ಬಂದಿದ್ದ. ಸೊರಬದ ಸಮೀಪದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಕುಳಿತು, ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯನ್ನು ನೋಡುತ್ತ, ಇದ್ದಕ್ಕಿದ್ದಂತೆ ಒಂದು ಮಾತೆತ್ತಿದ:

"ಚಿಕ್ಕಪ್ಪ, ಅಲ್ಲಿ ಪೆಟ್ರೋಲ್ ಬಂಕಿನ ಅಂಗಡಿಗಳಲ್ಲಿಯೂ ಕ್ರೇಟಮ್ ಎಂಬ ಎಲೆಯ ಪುಡಿ ಮಾರುತ್ತಾರೆ. ರಾತ್ರಿಯ ಕೆಲಸವಿದ್ದಾಗ ನಾನೂ ಕುಡಿಯುವುದುಂಟು. ಅಪ್ಪನ ಕವಳಕ್ಕಿಂತ ಅದು ವಾಸಿ."

ಗದರಿಸೋಣವೆಂದು ಬಾಯಿ ತೆರೆದೆ. ತೆರೆದ ಬಾಯಲ್ಲಿ ಕವಳವಿತ್ತು!

ಮರುದಿನ ಇಬ್ಬರೂ ಶಿರಾಳಕೊಪ್ಪದ ದಾರಿಯಾಗಿ ತಾಳಗುಂದಕ್ಕೆ ಹೋದೆವು. ಶಿಕಾರಿಪುರ ತಾಲ್ಲೂಕಿನ ಆ ಊರಿನ ಪ್ರಣವೇಶ್ವರ ದೇವಾಲಯದೆದುರಿನ ಶಾಸನಸ್ತಂಭದ ವಿಷಯ ವಾಚಕರಿಗೆ ತಿಳಿದೇ ಇದೆ. ಮನೆಯ ಬಳಿ ಬೆಳೆದ ಕದಂಬವೃಕ್ಷವನ್ನು ಸಲಹಿದ್ದರಿಂದ ಮಯೂರಶರ್ಮನ ವಂಶಕ್ಕೆ ಆ ಹೆಸರು ಬಂದಿತೆಂದು ಐದನೆಯ ಶತಮಾನದ ಕುಬ್ಜಕವಿ ಅಲ್ಲಿ ಹೇಳಿದ್ದಾನೆ. ಹುಡುಗ ಬಿಡುವವನೇ? ಕ್ರೇಟಮ್ ಸಹ ಕದಂಬದ ಕುಟುಂಬಕ್ಕೆ ಸೇರಿದ ಮರವೆಂದೂ, ನಾವು ದಿನವೂ ಕುಡಿಯುವ ಕಾಫಿಯದೂ ಅದೇ ಕುಟುಂಬವೆಂದೂ ವಾದ ಹೂಡಿದ. ದಾಯಾದಿಗಳೆಂದ ಮಾತ್ರಕ್ಕೆ ಗುಣ ಒಂದೇ ಆದೀತೆ? ಮಹಾಭಾರತವನ್ನು ಮತ್ತೊಮ್ಮೆ ಓದೆಂದೆ.

ಆದರೂ ಅವನ ವಾದವನ್ನು ಹಾಗೆಯೇ ತಳ್ಳಿಹಾಕುವಂತಿರಲಿಲ್ಲ. ಥಾಯ್ಲೆಂಡಿನ ಕೂಲಿಕಾರರು ಬಿಸಿಲಿನ ದುಡಿಮೆಯ ದಣಿವನ್ನು ತಡೆಯಲು ಆ ಹಸಿರೆಲೆಯನ್ನು ತಲೆತಲಾಂತರದಿಂದ ಅಗಿಯುತ್ತ ಬಂದವರು. 1943ರಲ್ಲಿ ಅದನ್ನು ನಿಷೇಧಿಸಿದ ಆ ದೇಶವೇ 2021ರಲ್ಲಿ ನಿಷೇಧವನ್ನು ತೆಗೆದುಹಾಕಿತು. 2016ರ ಜುಲೈನಿಂದ 2017ರ ಡಿಸೆಂಬರ್‌ವರೆಗೆ ಅಮೆರಿಕದ ಹಲವು ರಾಜ್ಯಗಳಲ್ಲಿ ಮಾದಕದ್ರವ್ಯಗಳು ಮಿತಿಮೀರಿ ಸತ್ತ 27,338 ಮಂದಿಯ ಪೈಕಿ 152 ಜನರ ದೇಹದಲ್ಲಿ ಕ್ರೇಟಮ್ ಕಂಡುಬಂದಿತ್ತು; ಅದೊಂದೇ ಇದ್ದದ್ದು 7 ಜನರಲ್ಲಿ. ಮದ್ಯಪಾನವಾದರೋ 2019 ಒಂದೇ ವರ್ಷದಲ್ಲಿ ಜಗತ್ತಿನ 26 ಲಕ್ಷ ಜೀವಗಳನ್ನು ಬಲಿತೆಗೆದುಕೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ತಂಬಾಕಿನ ಲೆಕ್ಕ ಅದಕ್ಕೂ ಬಹಳ ಹೆಚ್ಚು.

ಅಂಕಿಗಳೇನೋ ಹುಡುಗನ ಪಕ್ಷವೇ ಸರಿ. ಆದರೆ ಮದ್ಯ ಕುಡಿಯುವವರೆಷ್ಟು, ಈ ಪುಡಿ ತಿನ್ನುವವರೆಷ್ಟು? ಮರದಿಂದ ಕಿತ್ತ ಎಲೆ ಬೇರೆ, ಸಾರ ಭಟ್ಟಿಯಿಳಿಸಿ ಪೊಟ್ಟಣ ಕಟ್ಟಿದ್ದು ಬೇರೆ. ಅದರ ಸಾರವಾದ ಮೈಟ್ರಾಜಿನೈನ್, ಅಫೀಮು ತಟ್ಟುವ ಬಾಗಿಲನ್ನೇ ಮಿದುಳಿನಲ್ಲಿ ತಟ್ಟುತ್ತದೆ. ರೂಢಿಯಾದವರಿಗೆ ಬಿಟ್ಟರೆ ಮೈಕೈ ನೋವು, ನಿದ್ರೆಯಿಲ್ಲ. ಬೇರೆ ಮಾದಕವಸ್ತುಗಳೊಡನೆ ಬೆರೆತರಂತೂ ಅಪಾಯ ಬೇರೆಯೇ. ಇಷ್ಟನ್ನೂ ಹೇಳಿದೆ. "ಹಾಗಾದರೆ ಅಡಿಕೆ?" ಎಂದ.

ಅಡಿಕೆ! ನಾನು ಶಿವಮೊಗ್ಗದಲ್ಲಿ ಓದಿದ್ದು ಆ ತೋಟದ ಹಣದಿಂದ. ಅವನು ಹಡಗಿನಷ್ಟು ದೊಡ್ಡ ವಿಮಾನ ಏರಿದ್ದೂ ಅದರಿಂದಲೇ. ಹೊಗೆಸೊಪ್ಪು ಬೆರೆತ ವೀಳ್ಯ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿಯೇ ಸಾರಿತು. 2004ರಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯೂ ಅದೇ ಪಟ್ಟಿಗೆ ಸೇರಿತು. ಈ ಎರಡು ವರ್ಷಗಳ ನಡುವೆ ಎಲ್ಲೋ ನಮ್ಮಣ್ಣ ಹೊಗೆಸೊಪ್ಪನ್ನು ಬಿಟ್ಟು ಬರಿಯ ಅಡಿಕೆಯನ್ನು ಹಿಡಿದ. ಈಗ ಅವನ ಕೆನ್ನೆಯ ಒಳಪದರ ಹುರಿಗಟ್ಟಿ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದು.

ಸಂಜೆ ಮನೆಗೆ ಬಂದಾಗ ಅಣ್ಣ ಅಡಕತ್ತರಿ ಹಿಡಿದು ಬಂದವರಿಗಾಗಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ತಾನು ತಿನ್ನುವಂತಿಲ್ಲ, ಕೈ ಮಾತ್ರ ಕೆಲಸ ಮರೆತಿಲ್ಲ.

"ಅಪ್ಪ, ಹೊಗೆಸೊಪ್ಪು ಬಿಟ್ಟಾಗ ಡಾಕ್ಟರು ಅಡಿಕೆ ತಿನ್ನಬಹುದು ಅಂದಿದ್ದರೇನು?"

"ಡಾಕ್ಟರನ್ನ ಯಾರು ಕೇಳಿದರೋ? ಅದಕ್ಕಿಂತ ಇದು ವಾಸಿ ಅಂತ ನಾನೇ ಅಂದುಕೊಂಡೆ."

ಹುಡುಗ ಉತ್ತರ ಕೊಡಲಿಲ್ಲ. ಅತ್ತಿಗೆ ಅಣ್ಣನಿಗೆ ಕಿವುಚಿದ ಅನ್ನವನ್ನು ಸಣ್ಣ ಚಮಚದೊಡನೆ ತಂದಿಟ್ಟರು. ಊಟವಾದ ಮೇಲೆ ನನ್ನ ಕೈ ಎಂದಿನಂತೆ ಬಟ್ಟಲಿನತ್ತ ಹೋಯಿತು. ಹುಡುಗ ನೋಡುತ್ತಿದ್ದ.