ಸುಮ್ಮನೆ ನೋಡುವುದೂ ಒಂದು ಚಿಕಿತ್ಸೆ

ಶ್ವಾಸಕೋಶದ ಮೇಲಿನ ಸಣ್ಣ ಗುಳ್ಳೆಯೊಂದು ಒಡೆದು, ಗಾಳಿ ಎದೆಗೂಡಿಗೆ ಸೋರಿ, ಶ್ವಾಸಕೋಶ ಕುಗ್ಗಿಬಿಡುತ್ತದೆ. ಹೆಸರು ನ್ಯೂಮೊಥೊರಾಕ್ಸ್. ಉದ್ದಕ್ಕೆ, ತೆಳ್ಳಗಿರುವ ಹುಡುಗರಿಗೆ ಹೆಚ್ಚು. ಸಿಗರೇಟು ಸೇದಿದರೆ ಇನ್ನೂ ಹೆಚ್ಚು. ನಮ್ಮ ಕಾಕಾನ ಮಗ ಈ ಮೂರರಲ್ಲೂ ಪಾಸು.

ಬೆಳಗಾವಿಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, "ಇವತ್ತ ಪೈಪ್ ಬ್ಯಾಡ್ರಿ, ನೋಡೂಣು" ಅಂದರು. ಕಾಕಾನಿಗೆ ಸಮಾಧಾನವಿಲ್ಲ. "ಏನೂ ಮಾಡೂದಿಲ್ಲ ಅಂದ್ರ ದವಾಖಾನಿಗೆ ಯಾಕ ಬರಬೇಕಿತ್ತೋ ತಮ್ಮಾ?" ಅಂತ ನನ್ನನ್ನೇ ಕೇಳಿದ.

ಆ ರಾತ್ರಿ ಓದುತ್ತ ಕೂತೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 316 ಜನರ ಮೇಲೆ ನಡೆದ ಪ್ರಯೋಗವೊಂದು 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿದೆ. ಶ್ವಾಸಕೋಶ ಸಾಕಷ್ಟು ಕುಗ್ಗಿದ್ದವರೇ ಎಲ್ಲರೂ. ಒಂದು ಗುಂಪಿಗೆ ಪೈಪು, ಇನ್ನೊಂದಕ್ಕೆ ಬರೀ ನಿಗಾ. ನಿಗಾದಲ್ಲಿದ್ದವರಲ್ಲಿ ಸುಮಾರು 85% ಮಂದಿಗೆ ಪೈಪು ಬೇಕೇ ಆಗಲಿಲ್ಲ. ವರ್ಷದೊಳಗೆ ಮರುಕಳಿಸಿದ್ದೂ ಅವರಲ್ಲೇ ಕಡಿಮೆ. ಸೋರಿದ ಗಾಳಿಯನ್ನು ಮೈಯೇ ನಿಧಾನವಾಗಿ ಹೀರಿಕೊಳ್ಳುತ್ತದೆ. 2023ರ ಬ್ರಿಟಿಷ್ ಮಾರ್ಗಸೂಚಿ ಕೂಡ ಎಕ್ಸ್‌ರೇಯ ಅಳತೆಗಿಂತ ರೋಗಿಯ ಉಸಿರಾಟ, ನೋವು ಹೇಗಿದೆ ನೋಡಿ ಅನ್ನುತ್ತದೆ. ಹಳೇ ಟಿಬಿಯಿಂದ ಹಾಳಾದ ಶ್ವಾಸಕೋಶದ ಲೆಕ್ಕ ಬೇರೆ. ಉಸಿರು ಸಿಗದೆ ಬಿಪಿ ಇಳಿಯತೊಡಗಿದರೆ ಲೆಕ್ಕ ಹಾಕೋಕೇ ಟೈಮಿಲ್ಲ, ಗಾಳಿ ತಕ್ಷಣ ತೆಗೆಯಲೇಬೇಕು.

ಆದರೆ ಡಾಕ್ಟರು ಕೇಳಿದ್ದ ಒಂದು ಪ್ರಶ್ನೆ ಈ ಅಂಕಿಗಳಲ್ಲಿ ಇರಲಿಲ್ಲ: "ನಡುರಾತ್ರಿ ದಮ್ಮ ಹತ್ತಿದ್ರ ಇಲ್ಲಿಗೆ ಎಷ್ಟೊತ್ತಿನಾಗ ಬರ್ತೀರಿ?"

ನಮ್ಮೂರು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ದಾಟಿ ಕಣಕುಂಬಿ ಕಡೆ. ಜುಲೈ ಮಳೆಯಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಗಾಳಿಗೆ ಮರ ಬಿದ್ದರೆ ರಸ್ತೆಯೂ ಇಲ್ಲ. ಸರ್ವರ್ ಮೇಲೆ ನಿಗಾ ಇಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಅಲರ್ಟ್ ಬಂದಾಗ ಎದ್ದು ಓಡುವವರಿಲ್ಲದಿದ್ದರೆ ಅದು ಮಾನಿಟರಿಂಗ್ ಅಲ್ಲ, ದೇವರ ಮೇಲೆ ಭಾರ.

ಹುಡುಗ ಊರಿಗೆ ಹೋಗಲಿಲ್ಲ. ಟಿಳಕವಾಡಿಯ ನಮ್ಮ ಅಕ್ಕನ ಮನೆಯಲ್ಲಿ ಉಳಿದ. ಪೈಪಿಲ್ಲದೆಯೇ ಶ್ವಾಸಕೋಶ ಹಿಗ್ಗಿತು. ಸಿಗರೇಟು ಬಿಟ್ಟಿದ್ದಾನೆ, ಸದ್ಯಕ್ಕೆ.

ಸಿಟಿಯಲ್ಲಿ ಅಕ್ಕ ಇಲ್ಲದವರು ಏನು ಮಾಡಬೇಕು? ಅಂಥವರಿಗೆ ಅಡ್ಮಿಟ್ ಆಗುವುದೋ, ಪೈಪು ಹಾಕಿಸಿಕೊಳ್ಳುವುದೋ ಸರಿಯಿರಬಹುದು. ಅದೇ ಎಕ್ಸ್‌ರೇ, ಅದೇ ಅಳತೆ. ಉತ್ತರ ಮಾತ್ರ ಬೇರೆ. ಡಾಕ್ಟರ ಮುಂದೆ ಕೂತಾಗ ನೋವು ಎಲ್ಲಿ ಅನ್ನೋದರ ಜೊತೆ ಮನೆ ಎಲ್ಲಿ ಅನ್ನೋದನ್ನೂ ಹೇಳಿ.