ಒಂದನೆಯ ಕ್ಷೇತ್ರದ ಹಾದಿಯಲ್ಲಿ

ತಲಪಾಡಿಯಲ್ಲಿ ಕರ್ನಾಟಕ ಮುಗಿದು ಕೇರಳ ತೊಡಗುತ್ತದೆ ಎಂಬುದು ನಕ್ಷೆಯ ಮಾತು. ಮಂಗಳೂರಿನಿಂದ ಬಸ್ಸಿನಲ್ಲಿ ಬರುವವನ ಕಣ್ಣಿಗೆ ಗಡಿಯ ಆಚೆಗೂ ಈಚೆಗೂ ಕಾಣುವುದು ಅದೇ ಮುರಕಲ್ಲಿನ ಗುಡ್ಡ, ಅದೇ ತೆಂಗು, ಅದೇ ಅಡಕೆಯ ತೋಟ. ಕಿವಿಗೆ ಬೀಳುವುದು ಅದೇ ತುಳು ಮಾತು. ಬದಲಾಗುವುದು ಫಲಕಗಳ ಲಿಪಿಯೊಂದೇ. ಕೇರಳ ವಿಧಾನಸಭೆಯ 140 ಕ್ಷೇತ್ರಗಳ ಪಟ್ಟಿಯಲ್ಲಿ ಮೊದಲನೆಯ ಅಂಕೆ ಈ ಮಂಜೇಶ್ವರದ್ದು. ರಾಜಧಾನಿಯಾದ ತಿರುವನಂತಪುರದಲ್ಲಿ ನಿಂತು ನೋಡಿದರೆ ಅದೇ ಕಟ್ಟಕಡೆಯದು. ಪಟ್ಟಿಯಲ್ಲಿ ಮೊದಲು, ದಾರಿಯಲ್ಲಿ ಕೊನೆ. ಇಲ್ಲಿಯ ಕನ್ನಡಿಗನ ಸ್ಥಿತಿಯನ್ನು ಹೇಳಲು ಬೇರೆ ಉಪಮೆ ಬೇಕಾಗಿಲ್ಲ.

1956ರ ನವೆಂಬರ್ ಒಂದರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷವೇ ಕೇರಳದ ಮೊದಲ ವಿಧಾನಸಭೆಗೆ ಚುನಾವಣೆ ನಡೆದಾಗ ಮಂಜೇಶ್ವರದಲ್ಲಿ ಮತದಾನದ ಅಗತ್ಯವೇ ಬೀಳಲಿಲ್ಲ. ಪಕ್ಷೇತರರಾದ ಎಂ. ಉಮೇಶರಾಯರು ಅವಿರೋಧವಾಗಿ ಆಯ್ಕೆಯಾದರು. ಮುಂದೆ 1960, 1965, 1967ರ ಮೂರು ಚುನಾವಣೆಗಳಲ್ಲಿ ನ್ಯಾಯವಾದಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. ವರದಿ ಕಾಗದದಲ್ಲಿಯೇ ಉಳಿಯಿತು. 1970ರಲ್ಲಿ ಇಲ್ಲಿಂದ ಗೆದ್ದವರು ಕಮ್ಯೂನಿಸ್ಟ್ ಪಕ್ಷದ ಎಂ. ರಾಮಪ್ಪನವರು. ಅದೇ ವರ್ಷದ ಮೊದಲ ದಿನ ಕೇರಳದಲ್ಲಿ ಭೂಸುಧಾರಣೆ ಜಾರಿಗೆ ಬಂದಿತ್ತೆಂಬುದನ್ನು ನೆನೆದರೆ, ಗೇಣಿಯ ಗದ್ದೆ ಉಳುವವನಿಗೆ ಭಾಷೆಯ ಪ್ರಶ್ನೆಗಿಂತ ಭೂಮಿಯ ಪ್ರಶ್ನೆ ಹತ್ತಿರದ್ದಾಯಿತೆಂದು ನನಗೆ ತೋರುತ್ತದೆ. ಅದು ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ.

ಇಂಥ ಕ್ಷೇತ್ರದಲ್ಲಿ ಇಂದು ಪಕ್ಷವೊಂದರ ನೆರಳಿಲ್ಲದೆ ಮೊದಲ ಸಲ ನಿಲ್ಲಬೇಕೆನ್ನುವವನ ಧೈರ್ಯವನ್ನು ಮೆಚ್ಚಬೇಕೋ ಕನಿಕರಪಡಬೇಕೋ? ನನ್ನ ತಂಗಿಯ ಮಗನಿಗೆ ಆ ಮನಸ್ಸಾಗಿದೆ. ಉಪ್ಪಳದ ಕಡೆ ಸಣ್ಣದೊಂದು ಮುದ್ರಣಾಲಯ ನಡೆಸುವ ಹುಡುಗ. ಪ್ರತಿ ಚುನಾವಣೆಯಲ್ಲಿಯೂ ಎಲ್ಲ ಪಕ್ಷದವರ ಕರಪತ್ರ ಅಚ್ಚು ಹಾಕಿದವನು. ಕರಪತ್ರದಲ್ಲಿ ಮುದ್ರಕನ ಹೆಸರೂ ಪ್ರಕಾಶಕನ ಹೆಸರೂ ಇರಲೇಬೇಕೆಂಬ ಕಾನೂನು ಇರುವುದರಿಂದ ಎಲ್ಲರ ಕಾಗದದ ಅಡಿಯಲ್ಲಿ ಅವನ ಹೆಸರು ಚಿಕ್ಕ ಅಕ್ಷರದಲ್ಲಿ ಬಂದೇ ಬಂದಿದೆ. ಈಗ ಅದು ದೊಡ್ಡ ಅಕ್ಷರದಲ್ಲಿ ಬರಬೇಕೆಂಬ ಹಂಬಲ. "ಅಣ್ಣಾ, ನೀನಾದರೂ ಬುದ್ಧಿ ಹೇಳು, ನಿಂತ ಮರುದಿನದಿಂದ ಯಾವ ಪಕ್ಷದವರು ಇವನಿಗೆ ಕೆಲಸ ಕೊಟ್ಟಾರು?" ಎಂದು ತಂಗಿ ನನ್ನಲ್ಲಿ ಅತ್ತುಕೊಂಡಳು. ಅವಳ ಅಂಜಿಕೆ ಹುಸಿಯಲ್ಲ. ನಾನು ಬುದ್ಧಿ ಹೇಳಲಿಲ್ಲ. ನಿಲ್ಲುವುದಕ್ಕೆ ಮುಂಚೆ ಎಂಟು ಪಂಚಾಯತುಗಳನ್ನೂ ಒಮ್ಮೆ ಸುತ್ತಿ ಬರೋಣ, ಕಾರು ಬೇಡ, ಬಸ್ಸು ಮತ್ತು ಕಾಲು ಸಾಕು ಎಂದೆ.

ಮಂಜೇಶ್ವರ ಪಂಚಾಯತಿನಿಂದಲೇ ಹೊರಟೆವು. ರಾಷ್ಟ್ರಕವಿ ಗೋವಿಂದ ಪೈಗಳ ಊರು. ಅವರ ಮನೆಯ ಹಿತ್ತಿಲಲ್ಲಿ ಈಗ 'ಗಿಳಿವಿಂಡು' ಸ್ಮಾರಕವಿದೆ. ದಾರಿಯುದ್ದಕ್ಕೂ ಹುಡುಗ ತಾನು ಕಲಿತ ಕಾನೂನನ್ನು ಒಪ್ಪಿಸುತ್ತಿದ್ದ. ಇಪ್ಪತ್ತೈದು ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರನಾಗಿರಬೇಕು. ಮನ್ನಣೆ ಪಡೆದ ಪಕ್ಷದ ಉಮೇದುವಾರನಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಕ್ಷೇತ್ರದ ಹತ್ತು ಮಂದಿ ಮತದಾರರು ಬೇಕು. ಠೇವಣಿ ಹತ್ತು ಸಾವಿರ ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಸಿಂಧು ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ, ಗೆದ್ದವನಲ್ಲದ ಪಕ್ಷದಲ್ಲಿ, ಆ ಹಣ ಸರಕಾರಕ್ಕೆ. ಆಸ್ತಿ, ಸಾಲ, ಮೊಕದ್ದಮೆಗಳನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣೆಗೆಂದೇ ಬೇರೊಂದು ಬ್ಯಾಂಕು ಖಾತೆ ತೆರೆಯಬೇಕು. ಫಲಿತಾಂಶದ ಮೂವತ್ತು ದಿನಗಳೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ಮೂರು ವರ್ಷ ಅನರ್ಹತೆ ತಗಲಬಹುದು. 2022ರಲ್ಲಿ ಖರ್ಚಿನ ಮೇಲ್ಮಿತಿಯನ್ನು ನಲವತ್ತು ಲಕ್ಷಕ್ಕೆ ಏರಿಸಿದ್ದಾರೆಂದು ಹೇಳಿ ತಾನೇ ನಕ್ಕ. ನಾನು ಬೇರೊಂದು ಲೆಕ್ಕ ಹಾಕಿದೆ. 2021ರಲ್ಲಿ ಇಲ್ಲಿ ಬಿದ್ದ ಮತಗಳು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಮೇಲೆ. ಹತ್ತು ಸಾವಿರ ರೂಪಾಯಿ ಹಿಂದೆ ಬರಬೇಕಾದರೆ ಇಪ್ಪತ್ತೆಂಟು ಸಾವಿರಕ್ಕಿಂತ ಹೆಚ್ಚು ಜನ ಇವನ ಚಿಹ್ನೆಯ ಮುಂದಿನ ಗುಂಡಿ ಒತ್ತಬೇಕು.

ಕಡಲ ಕರೆಯ ಮನೆಗಳಲ್ಲಿ ಮೊದಲ ಪಾಠವಾಯಿತು. ಹುಡುಗ ಸಿದ್ಧಪಡಿಸಿಕೊಂಡಿದ್ದ ಅಚ್ಚಗನ್ನಡದ ನಾಲ್ಕು ವಾಕ್ಯಗಳನ್ನು ಮೊದಲ ಮನೆಯ ಹೆಂಗಸು ತಾಳ್ಮೆಯಿಂದ ಕೇಳಿ, ತುಳುವಿನಲ್ಲಿ ಕಡಲ್ಕೊರೆತದ ವಿಷಯ ಕೇಳಿದಳು. ಎರಡನೆಯ ಮನೆಯ ಮಾತು ಬ್ಯಾರಿ, ಮೂರನೆಯದು ಕೊಂಕಣಿ, ತುಸು ಮುಂದೆ ಹೋದರೆ ಮಲಯಾಳ. ಸಪ್ತಭಾಷೆಗಳ ಸಂಗಮವೆಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಓಟು ಕೇಳಹೊರಟವನಿಗೆ ಅದು ಹೆಮ್ಮೆಯಲ್ಲ, ಬೆವರು.

ವರ್ಕಾಡಿ, ಮೀಂಜಗಳನ್ನು ಅದೇ ದಿನ ಮುಗಿಸಿದೆವು. ಎಲ್ಲ ಮನೆಗಳಲ್ಲಿಯೂ ಬೆಲ್ಲ ನೀರು ಸಿಕ್ಕಿತು, ಭರವಸೆ ಸಿಗಲಿಲ್ಲ. ಎಲ್ಲೆಲ್ಲಿಯೂ ಬಂದ ಮಾತೊಂದೇ: ಕಾಯಿಲೆ ಬಿದ್ದರೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೊರೋನಾದ ಕಾಲಕ್ಕೆ ಕರ್ನಾಟಕ ಸರಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು, ಆಸ್ಪತ್ರೆಗೆ ಹೊರಟ ರೋಗಿಗಳು ತಲಪಾಡಿಯಿಂದ ಹಿಂದಿರುಗಿದರು, ಕೆಲವರು ಜೀವ ಬಿಟ್ಟರು. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು ಹೌದು. ಆ ಕಷ್ಟಕಾಲದಲ್ಲಿ ಅದಿನ್ನೂ ಪೂರ್ತಿ ಆಸ್ಪತ್ರೆಯಾಗಿರಲಿಲ್ಲ. ನಮ್ಮನ್ನು ಹೆತ್ತ ನಾಡೇ ಬಾಗಿಲು ಹಾಕಿದ ಆ ದಿನಗಳನ್ನು ಇಲ್ಲಿಯ ಕನ್ನಡಿಗರು ಮರೆತಿಲ್ಲ. ಗಡಿಯಾಚೆಯ ಅಭಿಮಾನದ ಭಾಷಣ ಮಾಡುವವರು ಇದನ್ನು ಕೇಳಿಸಿಕೊಳ್ಳಬೇಕು.

ಮರುದಿನ ಪೈವಳಿಕೆಯ ಬಾಯಾರಿನಲ್ಲಿ ತೋಟವೊಂದರ ಅಂಗಳದಲ್ಲಿ ವಯಸ್ಸಾದ ಕೃಷಿಕರೊಬ್ಬರು ಅಡಕೆ ಸುಲಿಯುತ್ತಿದ್ದರು. ನಾವು ಬಂದ ಕಾರಣ ತಿಳಿದು, ಮೆಟ್ಟುಕತ್ತಿಯಿಂದ ಕೈ ತೆಗೆಯದೆಯೇ ಕೇಳಿದರು: "ತಮ್ಮಾ, ನೀನು ನಿಂತರೆ ಯಾರ ಓಟು ಒಡೆಯುತ್ತದೆ?" ಹುಡುಗ ಉತ್ತರಿಸಲಿಲ್ಲ. ಅವರೇ ಮುಂದುವರಿದರು: "2016ರಲ್ಲಿ ಇಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು ಎಂಬತ್ತೊಂಬತ್ತು ಓಟು. ನಮ್ಮ ಈ ಗುಡ್ಡದ ಬದಿಯ ಮನೆಗಳಲ್ಲೇ ಅದಕ್ಕಿಂತ ಹೆಚ್ಚು ಓಟು ಉಂಟು."

ಲೆಕ್ಕ ಸರಿಯಾಗಿತ್ತು. ಪಿ.ಬಿ. ಅಬ್ದುಲ್ ರಜಾಕರಿಗೆ 56,870, ಕೆ. ಸುರೇಂದ್ರನ್‌ರಿಗೆ 56,781. 2021ರಲ್ಲಿ ಅಂತರ 745. ಇಂಥಲ್ಲಿ ಐನೂರು ಓಟು ಪಡೆಯುವ ಪಕ್ಷೇತರನನ್ನು ಯಾರೂ ಸೋತವನೆಂದು ಎಣಿಸುವುದಿಲ್ಲ, ಸೋಲಿಸಿದವನೆಂದು ಎಣಿಸುತ್ತಾರೆ. ಅವನು ಯಾರ ಹಣಕ್ಕೆ ನಿಂತನೆಂಬ ಗುಸುಗುಸು ಬೇರೆ. ಕೇರಳದಲ್ಲಿ ಹೆಸರು ಹೋಲುವ ಉಮೇದುವಾರನನ್ನು 'ಅಪರ'ನೆಂದು ಕರೆಯುವ ವಾಡಿಕೆಯೇ ಬೆಳೆದಿದೆ. 2004ರ ಲೋಕಸಭಾ ಚುನಾವಣೆಯಲ್ಲಿ ಆಲಪ್ಪುಳದಲ್ಲಿ ವಿ.ಎಂ. ಸುಧೀರನ್ ಸೋತದ್ದು 1,009 ಮತಗಳಿಂದ. ಅದೇ ಹೆಸರಿನ ಇನ್ನೊಬ್ಬರು ಎಂಟು ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. ಮತಪತ್ರದಲ್ಲಿ ಉಮೇದುವಾರನ ಭಾವಚಿತ್ರ ಬರತೊಡಗಿದ್ದು ಆಮೇಲೆ, 2015ರಿಂದ.

"ಹಾಗಾದರೆ ನಿಲ್ಲಬಾರದೆನ್ನುತ್ತೀರಾ ಅಜ್ಜಾ?" ಎಂದ ಹುಡುಗ.

"ನಾನು ಹಾಗೆಂದೆನೇ? ಯಾಕೆ ನಿಲ್ಲುತ್ತೀ ಎಂದು ಕೇಳುವವರಿಗೆ ಒಂದು ಮಾತು ಇಟ್ಟುಕೊಂಡು ನಿಲ್ಲು."

ಆ ಒಂದು ಮಾತು ಯಾವುದೆಂದು ಬಸ್ಸಿನಲ್ಲಿ ಇಬ್ಬರೂ ಯೋಚಿಸಿದೆವು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬರುವ ಸಂಕಟ ಈ ಭಾಗದಲ್ಲಿ ಮತ್ತೆ ಮತ್ತೆ ತಲೆದೋರುತ್ತಿದೆ. ಮಕ್ಕಳೂ ತಂದೆತಾಯಿಯರೂ ಪ್ರತಿಭಟನೆಗೆ ಇಳಿದದ್ದುಂಟು. ಆದರೆ ಬ್ಯಾರಿ ಮನೆಯ, ಮಲಯಾಳದ ಮನೆಯ ಓಟಿಗೆ ಈ ಒಂದು ಮಾತು ಸಾಕೇ?

ಪೆರ್ಲಕ್ಕೆ ಬಂದು ಎಣ್ಮಕಜೆಯ ಪಡ್ರೆಯತ್ತ ಏರಿದಾಗ ಮಧ್ಯಾಹ್ನ ಸರಿದಿತ್ತು. ಸ್ವರ್ಗವೆಂಬ ಹೆಸರಿನ ಊರು ಇರುವುದು ಈ ಬದಿಯಲ್ಲಿಯೇ. ಸುತ್ತಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುರಂಗದ ನೀರು ಕುಡಿಯುವ ಗುಡ್ಡದ ಮನೆಗಳಲ್ಲಿ ಹುಟ್ಟಿದ ಮಕ್ಕಳು ಏನಾದರೆಂಬುದನ್ನು ಜಗತ್ತೇ ಬಲ್ಲುದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಇಲ್ಲಿ ಒಂದು ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ ಮಗ, ವಯಸ್ಸು ಮೂವತ್ತಾದರೂ ಇರಬೇಕು. ಪಕ್ಕದಲ್ಲಿ ತಾಯಿ. ಓಟಿನ ಮಾತೆತ್ತಲು ನಮಗೆ ಬಾಯಿ ಬರಲಿಲ್ಲ. ಆಕೆಯೇ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಿಂದ ಸರಕಾರದ ಕಾಗದವೊಂದನ್ನು ತಂದು ಹುಡುಗನ ಕೈಗಿತ್ತು, "ಬಂದು ಎರಡು ತಿಂಗಳಾಯಿತು ಮಗಾ, ಏನು ಬರೆದಿದ್ದಾರೆ ನೋಡು" ಎಂದರು. ಕಾಗದ ಪೂರ್ತಿ ಮಲಯಾಳದಲ್ಲಿತ್ತು.

ನನ್ನ ಸೋದರಳಿಯ ಕನ್ನಡ ಮಾಧ್ಯಮದಲ್ಲಿ ಓದಿದವನು. ಮಲಯಾಳ ಸರಾಗವಾಗಿ ಆಡುತ್ತಾನೆ, ಓದುವಾಗ ತಡವರಿಸುತ್ತಾನೆ. ಬೆರಳಿಟ್ಟು ಓದಿದ. ಒಂದು ಪ್ರಮಾಣಪತ್ರ ಕಡಿಮೆಯಿದೆ, ಅದನ್ನು ಕಳುಹಿಸಿದರೆ ಸಹಾಯಧನ ಮುಂದುವರಿಯುತ್ತದೆ ಎಂಬುದಷ್ಟೆ ವಿಷಯ. ಎರಡು ತಿಂಗಳು ಆ ಕಾಗದ ಚೀಲದಲ್ಲಿ ಕುಳಿತಿತ್ತು.

1969ರ ಕೇರಳ ರಾಜಭಾಷಾ ಕಾಯಿದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹಕ್ಕು ಪುಸ್ತಕದಲ್ಲಿದೆ. ಅದನ್ನು ಕಚೇರಿಯ ಮೇಜಿನ ಮೇಲೆ ಇಡುವವನು ಮಾತ್ರ ಆ ಮೇಜಿನ ಭಾಷೆಯನ್ನು ಬಲ್ಲವನಾಗಿರಬೇಕು. ಕನ್ನಡಕ್ಕಾಗಿ ತಿರುವನಂತಪುರದಲ್ಲಿ ಹೋರಾಡುವವನು ಮಲಯಾಳವನ್ನು ಮಲಯಾಳಿಗಳಷ್ಟೇ ಚೆನ್ನಾಗಿ ಓದಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಕೆಲವರಿಗೆ ಇದು ಕಹಿಯಾಗಬಹುದು. ಸಂವಿಧಾನದ 210ನೆಯ ವಿಧಿಯಂತೆ ಸಭಾಧ್ಯಕ್ಷರ ಅನುಮತಿ ಪಡೆದು ಮಾತೃಭಾಷೆಯಲ್ಲಿ ಮಾತನಾಡಬಹುದೆಂಬುದು ನಿಜ. 2021ರಲ್ಲಿ ಇಲ್ಲಿಂದ ಆಯ್ಕೆಯಾದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದಾಗ ಪಕ್ಷಭೇದವಿಲ್ಲದೆ ನಾವೆಲ್ಲ ಸಂತೋಷಪಟ್ಟೆವು. ಅದೇ ಸಲ ದೇವಿಕುಳಂನ ಎ. ರಾಜಾ ತಮಿಳಿನಲ್ಲಿ ಸ್ವೀಕರಿಸಿದ ಪ್ರಮಾಣದ ಅನುವಾದದಲ್ಲಿ ಲೋಪವಿತ್ತೆಂದು ಅವರು ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು. ಅಲ್ಪಸಂಖ್ಯಾತರ ಭಾಷೆ ಅಲ್ಲಿಗೆ ತಲಪಿದರೂ ಅದನ್ನು ತಿದ್ದಿ ನೋಡುವವರು ಬೇಕಲ್ಲವೇ?

ಹುಡುಗ ಜಗಲಿಯಲ್ಲಿಯೇ ಕುಳಿತು ಉತ್ತರ ಬರೆದ. ಒಂದು ಪ್ರತಿ ಕನ್ನಡದಲ್ಲಿ, 1969ರ ಕಾಯಿದೆಯನ್ನು ಹೆಸರಿಸಿ. ಇನ್ನೊಂದು ಮಲಯಾಳದಲ್ಲಿ, ಕೆಲಸ ನಿಲ್ಲದಿರಲೆಂದು. ಬೇಕಾದ ಪ್ರಮಾಣಪತ್ರದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಆ ತಾಯಿಗೆ ಕೊಟ್ಟ. ಓಟು ಕೇಳದೆಯೇ ಗುಡ್ಡ ಇಳಿದೆವು.

ಪುತ್ತಿಗೆಯನ್ನು ದಾಟಿ ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಗೆ ಬಂದಾಗ ದೀಪ ಹೊತ್ತಿತ್ತು. ಅಲ್ಲಿಂದ ಮಂಗಲ್ಪಾಡಿಯ ಉಪ್ಪಳದವರೆಗೆ, ಅಗಲಗೊಂಡ ಹೆದ್ದಾರಿಯ ಬೆಳಕಿನಲ್ಲಿ, ಅವನು ಮಾತನಾಡಲಿಲ್ಲ.

ಈಗ ಮುದ್ರಣಾಲಯದಲ್ಲಿ ಸಂಜೆ ಒಂದು ಗಂಟೆ ಮಲಯಾಳ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ನಡೆದಿದೆ. ಕೆಲಸದ ಹುಡುಗ ಉಚ್ಚಾರ ತಿದ್ದುತ್ತಾನೆ. ಈ ಸಲವೋ ಮುಂದಿನ ಸಲವೋ ಎಂದು ಅವನು ಗೊತ್ತುಮಾಡಿಲ್ಲ. ಹತ್ತು ಸೂಚಕರಲ್ಲಿ ಆರು ಮಂದಿ ಸಿಕ್ಕಿದ್ದಾರೆ. ಬಾಯಾರಿನ ಅಜ್ಜ ಅವರಲ್ಲೊಬ್ಬರು. ಪಟ್ಟಿ ನೋಡಿದ ತಂಗಿ, "ಠೇವಣಿಗೆ ನನ್ನ ಕೈಯಿಂದ ಒಂದು ಕಾಸು ಹುಟ್ಟುವುದಿಲ್ಲ" ಎಂದಳು. ತುಸು ಹೊತ್ತು ಬಿಟ್ಟು, "ಇದರಲ್ಲಿ ಹೆಂಗಸರ ಹೆಸರು ಒಂದೂ ಇಲ್ಲವಲ್ಲ" ಎಂದು ಒಳಗೆ ಹೋದಳು.