ತಲೆಕಟ್ಟು

ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಶಿರಾಡಿ ಘಟ್ಟವನ್ನು ಇಳಿಯತೊಡಗುವೆಡೆಯಲ್ಲಿ ಮಾರನಹಳ್ಳಿ ಇದೆ. ಬಂದರಿನ ಕಡೆಗೆ ಸಾಗುವ ಲಾರಿಗಳ ಹಣೆಬರಹವನ್ನು ಓದುವುದು ರಸ್ತೆಬದಿಯ ಮಕ್ಕಳಿಗೆ ಒಂದು ವಿನೋದ. ತೆಲುಗು ನಾಡಿನ ಲಾರಿ ಬಂದಾಗ ಮಾತ್ರ ಅವರು ತೊಡಕಿಗೆ ಸಿಲುಕುತ್ತಾರೆ. ಅಕ್ಷರಗಳು ಕನ್ನಡದಂತೆಯೇ ತೋರುತ್ತವೆ. ನಾಲಗೆ ಅರ್ಧ ಪದವನ್ನು ಉಚ್ಚರಿಸಿಯೂ ಬಿಡುತ್ತದೆ. ಆದರೆ ಕಣ್ಣು ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಕಾರಣ ಅಕ್ಷರದ ನೆತ್ತಿಯಲ್ಲಿದೆ. ಕನ್ನಡದ ‘ಗ’, ‘ನ’, ‘ರ’ಗಳ ಮೇಲೆ ಅಡ್ಡಲಾಗಿ ಚಾಚಿ, ಬಲತುದಿಯಲ್ಲಿ ತುಸು ಕೊಂಕಿದ ಗೆರೆಯೊಂದುಂಟು. ಅದೇ ತಲೆಕಟ್ಟು. ತೆಲುಗಿನಲ್ಲಿ ಆ ಸ್ಥಳದಲ್ಲಿರುವುದು, ಉಪಾಧ್ಯಾಯರು ಸರಿಯುತ್ತರಕ್ಕೆ ಹಾಕುವ ಗುರುತಿನಂಥ ಪುಟ್ಟ ಗೀಟು. ಕೆಳಗಿನ ಒಡಲು ಬಹುಮಟ್ಟಿಗೆ ಒಂದೇ. ‘ಜ’, ‘ಟ’, ‘ಬ’, ‘ಲ’ಗಳಿಗಾದರೋ ಎರಡು ಲಿಪಿಗಳಲ್ಲಿಯೂ ತಲೆಕಟ್ಟಿಲ್ಲ, ಅವು ತಮ್ಮ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡವು. ‘ತ’, ‘ಶ’ಗಳ ಒಡಲೇ ಬೇರೆ. ಒಂದೇ ತಾಯಿಲಿಪಿಯ ಮಕ್ಕಳಾದ ಇವು ಶತಮಾನಗಳ ಕಾಲ ಜೊತೆಯಾಗಿದ್ದು ಮೆಲ್ಲಮೆಲ್ಲನೆ ಅಗಲಿದವು. 19ನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದ ಮೇಲೆ ಆ ಭೇದ ಗಟ್ಟಿಯಾಗಿ ನಿಂತಿತು.

ರೋಮನ್ ಅಕ್ಷರಗಳ ತುದಿಯಲ್ಲಿಯೂ ಪಾದುಕೆಯಂಥ ಸಣ್ಣ ಗೀಟಿರುತ್ತದೆ. ಅದಕ್ಕೆ ‘ಸೆರಿಫ್’ ಎಂದು ಹೆಸರು. ಸೆರಿಫ್ ಉಳ್ಳ ಮೊಳೆಗಳೆಲ್ಲ ಮೊದಲ ನೋಟಕ್ಕೆ ಒಂದೇ ಬಗೆಯವು. ಬಲ್ಲವರು ಅವುಗಳ ಕಣ್ಣನ್ನು ನೋಡುತ್ತಾರೆ. ಗ್ಯಾರಮಾಂಡ್ ಮಾದರಿಯಲ್ಲಿ ಚಿಕ್ಕ ‘ಇ’ ಅಕ್ಷರದ ಮೇಲಿನ ಕಣ್ಣು ಕಿರಿದು; 1932ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಬಳಸತೊಡಗಿದ ಮೊಳೆಯಲ್ಲಿ ಅದು ಹಿರಿದು. ಕ್ರಿ.ಶ. 113ರ ಸುಮಾರಿನ ಟ್ರಾಜನ್ ಸ್ತಂಭದ ಶಾಸನದಲ್ಲಿ ಈ ಗೀಟುಗಳನ್ನು ರೋಮ್ ನಗರದಲ್ಲಿ ಇಂದಿಗೂ ಕಾಣಬಹುದು.

ನಮ್ಮ ತಲೆಕಟ್ಟಿಗೂ ಕಲ್ಲಿನ ನೆನಪುಂಟು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ ಬ್ರಾಹ್ಮೀ ಅಕ್ಷರಗಳದು ಬೋಳುತಲೆ. ತಾಳಗುಂದದ ಕದಂಬರ ಸ್ತಂಭದಲ್ಲಿ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಪೆಟ್ಟಿಗೆಯೇ ಕುಳಿತಿದೆ. ಇಂಥ ತಲೆಗುರುತುಗಳೇ ಮುಂದೆ ಹಿಗ್ಗಿ ಬಾಗಿ ತಲೆಕಟ್ಟಾದವು.

ಅಕ್ಷರದ ಈ ಬಗೆಯ ಪರೀಕ್ಷೆಯ ಮೇಲೆ ದೊಡ್ಡ ತೀರ್ಮಾನವೊಂದು ನಿಂತಿರುವುದು ಹಾಸನ ಜಿಲ್ಲೆಯಲ್ಲಿಯೇ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಿಲಾಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ವಿದ್ವಾಂಸರು ಅದರ ಭಾಷೆಯನ್ನೂ ಅಕ್ಷರಗಳ ರೂಪವನ್ನೂ ಇತರ ಶಾಸನಗಳೊಡನೆ ಹೋಲಿಸಿದರು. ಅನೇಕರು ಕ್ರಿ.ಶ. 450ರ ಸುಮಾರಿನದೆಂದರು, ಕೆಲವರು ಅಷ್ಟು ಹಳೆಯದಲ್ಲವೆಂದರು. ಕನ್ನಡದ ಮೊದಲ ಶಾಸನವೆಂಬ ಅದರ ಹಿರಿಮೆಗೇ ತಗಲುವ ವಾದವಿದು. ಅದು ಹುಟ್ಟಿದ್ದು ಬೆರಳಗಲದ ಅಕ್ಷರಗಳ ಬಾಗುಬಳುಕುಗಳಿಂದ!

ಮೂಲಶಿಲೆಯನ್ನು ಮೈಸೂರಿಗೆ ಒಯ್ದರು. ಹಲ್ಮಿಡಿಯಲ್ಲಿ ಅದರ ಪ್ರತಿಕೃತಿಯಿದೆ. ಮಾರನಹಳ್ಳಿಯ ಹುಡುಗನೊಬ್ಬನು ಅಲ್ಲಿಗೆ ಹೋದರೆ, ಅದರ 16 ಸಾಲುಗಳಲ್ಲಿ ಒಂದು ಪದವೂ ಅವನ ಓದಿಗೆ ದಕ್ಕಲಾರದು. ಲಾರಿಯ ಮುಂದೆ ನಿಂತಾಗ ಮಾಡಿದಂತೆ, ಅವನು ಮೊದಲು ಅಕ್ಷರಗಳ ತಲೆಯನ್ನು ನೋಡಬೇಕು.